ಅಣ್ಣನ ಕಲ್ಲು

“ಏನೇ ಮುಂಡೆ, ಅಕ್ಷರ ಕೆತ್ತು ಅಂದ್ರೆ ಬಾವಿ ತೋಡ್ತಿದ್ದೀಯಾ? ಮೇಲ್ಮೇಲೆ ಗೀಚು ಸಾಕು. ಭಾನುವಾರಕ್ಕೆ ರೆಡಿ ಇರ್ಬೇಕು. ಸ್ತೋತ್ರ.”

ಕ್ವಾರಿ ಧಣಿ ಯಾವ ಮಾತಾಡಿದರೂ ಕೊನೆಗೊಂದು ಸ್ತೋತ್ರ ಅಂಟಿಸುತ್ತಾನೆ, ಬೈಗುಳಕ್ಕೂ. ಅದಕ್ಕೇ ಅವನಿಗೆ ನಾವಿಟ್ಟ ಹೆಸರು ಸ್ತೋತ್ರಧಣಿ. ನಮ್ಮ ಚರ್ಚಿನ ಸಭೆಗೆ ಅವನೇ ಹಿರಿಯ, ಆರಾಧನೆಯಲ್ಲಿ ಮುಂದಿನ ಬೆಂಚು ಅವನದೇ, ನಾವಿರುವ ತಗಡಿನ ಮನೆಯೂ ಅವನದೇ.

ಅಮ್ಮ ಉಳಿ ಇಟ್ಟಳು, ಸುತ್ತಿಗೆ ಹೊಡೆದಳು, ಪುಡಿ ಊದಿದಳು. ಪಕ್ಕದಲ್ಲಿ ಕೂತು ಕಲ್ಲಿಗೆ ನೀರು ಚಿಮುಕಿಸುವುದು ನನ್ನ ಪಾಲು. ಗೋರಿಕಲ್ಲಿಗೆ ಅಕ್ಷರ ಕೆತ್ತುವುದೇ ಅವಳ ಕೆಲಸ. ಯಾರ್ಯಾರದೋ ಮಕ್ಕಳ ಹೆಸರು ಕೆತ್ತಿದ್ದಳು. ಈ ಸಲದ್ದು ಅವಳ ಮಗನದೇ. ಕ್ವಾರಿಯಲ್ಲಿ ಬಂಡೆ ಕಳಚಿ ಅಣ್ಣನ ಮೇಲೆ ಬಿದ್ದಿತ್ತು. ಕಲ್ಲು ಪುಕ್ಕಟೆ ಕೊಟ್ಟವನು ಧಣಿ. ಹೆಸರಿನ ಕೆಳಗೆ ಏನು ಬರೆಯಬೇಕು ಎಂದು ಹೇಳಿದವನೂ ಅವನೇ: ‘ದೇವರ ಚಿತ್ತದಂತೆ ಕರ್ತನಲ್ಲಿ ನಿದ್ರಿಸಿದನು.’ ಸಾವಿನ ವಿಚಾರಣೆಗೆ ಬರುವ ಆಫೀಸರ್ ಎದುರಿಗೇ ಪಾಸ್ಟರ್ ಅದನ್ನು ಓದಬೇಕಿತ್ತು.

ಹೆಸರು ಮುಗಿದಿತ್ತು. ಅದರ ಕೆಳಗೆ ‘ದೇವರ’ ಎನ್ನುವವರೆಗೆ ಆಗಿತ್ತು.

ಧಣಿ ಹೋಗುವವನು ಹೋಗದೆ, ನೆರಳಿಗೆ ಸರಿದು ಹಲ್ಲಿಗೆ ಕಡ್ಡಿ ಹಾಕಿಕೊಂಡು ನಿಂತ.

“ನಿನ್ನ ಮಗಂದೂ ಅತಿಯಾಯ್ತು ಬಿಡು. ಮೇಲೆ ಬಂಡೆ ಬಿರುಕು ಬಿಟ್ಟಿದೆ ಅಂತ ಸರ್ಕಾರಿ ಆಫೀಸಿಗೆ ಹೋಗಿ ಬಾಯಿ ಬಡ್ಕೊಳ್ಳೋನಿದ್ದ. ಅಷ್ಟ್ರಲ್ಲಿ ದೇವರೇ ಬಾಯಿ ಮುಚ್ಚಿಸ್ದ. ಸ್ತೋತ್ರ.”

ಸುತ್ತಿಗೆ ನಿಂತಿತು.

ಆಫೀಸಿಗೆ ಹೋಗುವ ಮಾತು ಗೊತ್ತಿದ್ದದ್ದು ಅಣ್ಣನಿಗೆ, ನಮ್ಮಿಬ್ಬರಿಗೆ, ಪಾಸ್ಟರಿಗೆ, ದೇವರಿಗೆ. ಬುಧವಾರದ ಪ್ರಾರ್ಥನಾ ಕೂಟ ಮುಗಿದ ಮೇಲೆ ಅಣ್ಣ ಪಾಸ್ಟರನ್ನು ಪಕ್ಕಕ್ಕೆ ಕರೆದು, ಶುಕ್ರವಾರ ದೂರು ಕೊಡುತ್ತೇನೆ, ಭಯ ಆಗುತ್ತಿದೆ, ನನಗೋಸ್ಕರ ಪ್ರಾರ್ಥಿಸಿ ಎಂದಿದ್ದ. ಅವರು ಅವನ ತಲೆಯ ಮೇಲೆ ಕೈಯಿಟ್ಟಿದ್ದರು. ಮಾರನೆಯ ಬೆಳಿಗ್ಗೆಯೇ ಧಣಿ ಅವನನ್ನು ಡ್ರಿಲ್ ಕೆಲಸದಿಂದ ತೆಗೆದು ಬಿರುಕಿನ ಕೆಳಗೆ ಕಲ್ಲು ಒಡೆಯಲು ಹಾಕಿದ. ಊಟದ ಹೊತ್ತಿಗೆ ಬಂಡೆ ಬಿತ್ತು. ಅಲ್ಲಿಗೇ ಯಾಕೆ ಹಾಕಿದ ಎಂದು ಆಗ ನಮಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು. ನಾವಿಬ್ಬರೂ ಬಾಯಿ ಬಿಟ್ಟಿರಲಿಲ್ಲ. ದೇವರು ಚಾಡಿ ಹೇಳುವವನಲ್ಲ.

ಅಮ್ಮ ಉಳಿಯನ್ನು ಸೆರಗಿಗೆ ಒರೆಸಿ ಎದ್ದಳು. ನಾನೂ ಹಿಂದೆಯೇ ಓಡಿದೆ.

ಪಾಸ್ಟರ್ ಭಾನುವಾರದ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡವರು. ಉಂಡ ಮನೆಯ ಜಂತಿ ಎಣಿಸಿದರು ಎನ್ನೋಣವೆಂದರೆ ನಮ್ಮ ಮನೆಗೆ ಜಂತಿಯೂ ಇಲ್ಲ. ಧಣಿಗೆ ಹೇಳಿದ್ದು ನೀವೇನಾ ಎಂದು ಅಮ್ಮ ಕೇಳಿದ್ದಕ್ಕೆ ಅವರು ಇಲ್ಲ ಎನ್ನಲಿಲ್ಲ. ಒಳ್ಳೆಯದಕ್ಕೇ ಹೇಳಿದ್ದಂತೆ. ಧಣಿ ತಾನೇ ಬಿರುಕು ಸರಿ ಮಾಡಿಸುತ್ತಾನೆ, ಮಾತು ಹೊರಗೆ ಹೋಗುವುದು ತಪ್ಪುತ್ತದೆ ಎಂದುಕೊಂಡಿದ್ದರಂತೆ. ಸಭೆಗೆ ಹೊಸ ಚಾವಣಿ ಹಾಕಿಸುತ್ತಿರುವವನು ಅವನೇ ತಾನೆ ಎಂದೂ ಸೇರಿಸಿದರು, ತೀರಾ ಮೆಲ್ಲಗೆ. ಕೊನೆಗೆ, ಎಲ್ಲಾ ದೇವರ ಚಿತ್ತ ಎಂದರು.

“ಒಂದೇ ಒಂದು ಹೇಳಿ ಅಯ್ಯನೋರೆ. ಆವತ್ತು ಪ್ರಾರ್ಥನೆ ಮಾಡಿ ಹೋದ್ರಾ, ಇಲ್ಲಾ ನೇರ ಅವನ ಮನೆಗೇ ಹೋದ್ರಾ?”

ಪಾಸ್ಟರ್ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಇದ್ದಲ್ಲೇ ನಿಂತಿತು. ಬಿಳಿ ಅಂಗಿ ಸುಟ್ಟ ವಾಸನೆ ಗೇಟಿನವರೆಗೂ ನಮ್ಮ ಹಿಂದೆ ಬಂತು.

ಮನೆಯಲ್ಲಿ ಅಮ್ಮ ಎರಡು ತಟ್ಟೆ ಇಟ್ಟು, ಎಂದಿನಂತೆ ಕಣ್ಣು ಮುಚ್ಚಿ ಕೈ ಜೋಡಿಸಿದಳು. ನಾನು ನನ್ನ ತಟ್ಟೆ ಪಕ್ಕಕ್ಕೆ ತಳ್ಳಿದೆ.

“ಇನ್ನೂ ಯಾರಿಗಮ್ಮ ಕೈ ಮುಗೀತೀಯಾ? ನಾನಂತೂ ಇನ್ಮೇಲೆ ಸಭೆ ಕಡೆ ತಲೆ ಹಾಕಿ ಮಲಗಲ್ಲ.”

ಅವಳು ಪ್ರಾರ್ಥನೆ ಪೂರ್ತಿ ಮುಗಿಸಿಯೇ ಕಣ್ಣು ಬಿಟ್ಟಳು.

“ಕರ್ತ ಏನೇ ಮಾಡ್ದ? ಅವನನ್ನೂ ಜೊತೇಲಿ ಉಂಡ ಶಿಷ್ಯನೇ ಮುತ್ತು ಕೊಟ್ಟು ಹಿಡಿದುಕೊಟ್ಟಿದ್ದು. ನನ್ನ ಹೆತ್ತ ಹೊಟ್ಟೆ ಉರಿ ಅವನಿಗಲ್ದೆ ಇನ್ಯಾರಿಗೆ ಗೊತ್ತಾಗತ್ತೆ.”

ಹಾಗಾದರೆ ಆ ಸಾಲು ಕೆತ್ತುತ್ತೀಯಾ ಎಂದು ಕೇಳಿದೆ. ಕೆತ್ತದಿದ್ದರೆ ಕೆಲಸ ಹೋಗುತ್ತದೆ, ಹಿಂದೆಯೇ ಮನೆಯೂ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ‘ದೇವರ’ ಎಂದು ಆಗಲೇ ಕೆತ್ತಾಗಿತ್ತು, ಕಲ್ಲಲ್ಲಿ ಕೊರೆದ ಅಕ್ಷರಕ್ಕೆ ರಬ್ಬರ್ ಇಲ್ಲ. ಅಮ್ಮ ಹಿಡಿದ ತುತ್ತನ್ನು ತಟ್ಟೆಗೇ ಹಾಕಿದಳು. ಆಮೇಲೆ ಉಣ್ಣದೆಯೇ ಕೈ ತೊಳೆದು ಕಲ್ಲು ಕೆತ್ತುವ ಶೆಡ್ಡಿಗೆ ಹೊರಟಳು.

ಆ ಮಧ್ಯಾಹ್ನ ಅವಳು ನಿಜವಾಗಿಯೂ ಬಾವಿಯನ್ನೇ ತೋಡಿದಳು. ನಾನು ನೀರು ಚಿಮುಕಿಸುತ್ತಾ ಒಂದೊಂದೇ ಅಕ್ಷರ ಮೂಡುವುದನ್ನು ನೋಡಿದೆ. ಧಣಿ ನೋಡಲು ಬರುವಷ್ಟರಲ್ಲಿ ಕಲ್ಲಿಗೆ ಹಳೇ ದುಪ್ಪಟಿ ಸುತ್ತಾಗಿತ್ತು. ಈಗಲೇ ಬಿಚ್ಚಿದರೆ ಆಫೀಸರ್ ಮುಂದೆ ಏನು ಬಿಚ್ಚುತ್ತೀರಿ ಎಂದು ಅಮ್ಮ ಕೇಳಿದಳು. ಅದು ಅವನಿಗೆ ಸರಿ ಎನಿಸಿತು.

ಭಾನುವಾರ ಸಮಾಧಿಯ ಸುತ್ತ ಕ್ವಾರಿಯವರೆಲ್ಲಾ ನಿಂತಿದ್ದರು. ಆಫೀಸರಿಗೊಂದು ಕುರ್ಚಿ, ಧಣಿಗೊಂದು ಕುರ್ಚಿ. ಕಿವುಡಜ್ಜಿ, ನಮ್ಮ ಪಕ್ಕದ ಮನೆಯವಳು, ನನ್ನ ತೋಳು ಹಿಡಿದಿದ್ದಳು. ಪಾಸ್ಟರ್ ಬೇರೆ ಅಂಗಿ ಹಾಕಿಕೊಂಡು ಬಂದಿದ್ದರು. ಸಹೋದರನ ಕಲ್ಲಿನ ಮೇಲಿನ ಮಾತು ಎಲ್ಲರಿಗೂ ಸಮಾಧಾನ ಕೊಡಲಿ ಎಂದು ದುಪ್ಪಟಿ ಎಳೆದರು.

ಅಣ್ಣನ ಹೆಸರು. ಅದರ ಕೆಳಗೆ, ಬೆರಳು ಇಳಿಯುವಷ್ಟು ಆಳಕ್ಕೆ: ‘ದೇವರ ಕೆಲಸವಲ್ಲ ಇದು.’

ಪಾಸ್ಟರ್ ದನಿ ‘ದೇವರ’ ತನಕ ಬಂದು ನಿಂತಿತು.

“ಓದಿ ಅಯ್ಯನೋರೆ,” ಎಂದಳು ಅಮ್ಮ. “ಜೋರಾಗಿ ಓದಿ. ಅಜ್ಜಿಗೆ ಕಿವಿ ಕೇಳಲ್ಲ.”

ಧಣಿ ಕುರ್ಚಿ ಬೀಳಿಸಿಕೊಂಡು ಎದ್ದ. “ಒಡೀರೋ ಅದನ್ನ, ಬೇವರ್ಸಿಗಳಾ.” ಈ ಸಲ ಸ್ತೋತ್ರ ಮರೆತಿದ್ದ.

ದಿನವಿಡೀ ಕಲ್ಲು ಒಡೆಯುವ ಜನ. ಒಬ್ಬರ ಕೈಯೂ ಏಳಲಿಲ್ಲ. ಒಬ್ಬನಿಗೆ ಅದೇ ಹೊತ್ತಿಗೆ ಬೆನ್ನು ತುರಿಸಿತು, ಇನ್ನೊಬ್ಬ ಚಪ್ಪಲಿ ಸರಿ ಮಾಡಿಕೊಂಡ. ಕಲ್ಲು ನೆಡಲು ತಂದಿದ್ದ ದೊಡ್ಡ ಸುತ್ತಿಗೆಯನ್ನು ಧಣಿ ತಾನೇ ಎತ್ತಿ ಬೀಸಿದ. ಕಲ್ಲಿನ ಮೂಲೆ ಹಾರಿತು, ಅಷ್ಟೇ. ಅಕ್ಷರಗಳು ಹಾಗೇ ಇದ್ದವು. ಏದುಸಿರು ಬಿಡುತ್ತಾ ಮತ್ತೆ ಎತ್ತಿದ.

ಕಿವುಡಜ್ಜಿ ನನ್ನ ತೋಳು ಜಗ್ಗಿ, ಏನು ಬರೆದಿದೆ ಎಂದು ಸನ್ನೆ ಮಾಡಿದಳು. ನಾನು ಅವಳ ಕಿವಿಗೆ ಬಾಯಿಟ್ಟು, ಆಫೀಸರ್ ಕುರ್ಚಿಗೂ ಕೇಳುವಂತೆ ಓದಿದೆ. ಅಜ್ಜಿ ಕಲ್ಲು ನೋಡಿದಳು, ಅಮ್ಮನನ್ನು ನೋಡಿದಳು. ಕಿವುಡರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ಗೊತ್ತಿರುವುದಿಲ್ಲ.

“ದೇವರದ್ದಲ್ಲ ಅಂದ್ರೆ, ಮತ್ತೆ ಯಾರ್ದಂತೆ?”

ಸುತ್ತಿಗೆ ಎತ್ತಿಕೊಂಡೇ ನಿಂತಿದ್ದವನ ಕಡೆಗೆ ಎಲ್ಲರೂ ತಿರುಗಿದರು.