ಅರ್ಜೆಂಟ್ ಅಂತ ಬರೀಬಾರದು

ಮೂರನೇ ಮಹಡಿ ದಾಟಿತ್ತು, ನಾಲ್ಕನೇದು ಇನ್ನೂ ಬಂದಿರ್ಲಿಲ್ಲ. ಲಿಫ್ಟು ಒಂದ್ಸಲ ಬಿಕ್ಕಳಿಸ್ತು, ಒಂದ್ಸಲ ನಡುಗ್ತು, ಆಮೇಲೆ ಮುನಿಸ್ಕೊಂಡ ಅಳಿಯನ ಥರ ನಿಂತೇಬಿಡ್ತು.

ಒಳಗಿದ್ದೋರು ಇಬ್ಬರೇ. ಒಬ್ಬಳು ಐದನೇ ಮಹಡಿ ಟೈಲರಕ್ಕ. ಇನ್ನೊಬ್ಬ ಈ ಬಿಲ್ಡಿಂಗಿನ ವೆಬ್‌ಸೈಟು ನೋಡ್ಕೊಳ್ಳೋ ಹುಡುಗ. ಅಪ್ಪ ಅಮ್ಮ ಇಟ್ಟ ಹೆಸರು ಅವನ ಮನೇಲಿ ಮಾತ್ರ ಚಾಲ್ತಿ, ಇಲ್ಲೆಲ್ರೂ ಕರೆಯೋದು ‘ಡೈಲಾಗ್’ ಅಂತ. ಟೀಗೆ ಸಕ್ಕರೆ ಕಮ್ಮಿ ಅಂತ ಹೇಳೋಕೂ ಕಾಲರ್ ಎತ್ತಿ, ಎರಡು ಸೆಕೆಂಡ್ ಗ್ಯಾಪ್ ಕೊಟ್ಟು, ಹಿನ್ನೆಲೆ ಸಂಗೀತ ತಾನೇ ಬಾಯಲ್ಲಿ ಹಾಕ್ಕೊಂಡು ಹೇಳೋ ಪಾರ್ಟಿ ಅವನು.

ಈಗಲೂ ಕಾಲರ್ ಎತ್ತಿದ. "ಅಕ್ಕಾ, ಈ ಲಿಫ್ಟು ನಿಂತಿರಬಹುದು. ಆದ್ರೆ ನಾವು..." ಗ್ಯಾಪು. "ನಾವೂ ನಿಂತೇ ಇದೀವಿ."

ಟೈಲರಕ್ಕ ನಗ್ಲಿಲ್ಲ. ಕೈಯಲ್ಲಿದ್ದ ಗುಂಡಿ ಪೊಟ್ಟಣ ಹಿಸುಕ್ತಾ ಮೇಲೆ ನೋಡ್ತಿದ್ಲು.

"ಇಸ್ತ್ರಿ ಪೆಟ್ಟಿಗೆ ಆನ್ ಇದೆ ಕಣೋ."

"ಎಲ್ಲಿ?"

"ಅಂಗಡೀಲಿ. ಸ್ಕೂಟರಿನ ಡಿಕ್ಕೀಲಿ ಗುಂಡಿ ಬಿಟ್ಟಿದ್ದೆ, ಎರಡೇ ನಿಮಿಷ ಅಂತ ಇಳಿದು ಬಂದೆ. ಪೆಟ್ಟಿಗೇನ ಎತ್ತಿ ನಿಲ್ಲಿಸಿದ್ನೋ, ಹಾಗೇ ಮಲಗಿಸಿ ಬಂದ್ನೋ, ನೆನಪೇ ಬರ್ತಿಲ್ಲ. ನಮ್ಮತ್ತೆ ಕಾಲದ್ದು ಅದು. ಕಾದ್ರೆ ಕಾಯ್ತಾನೇ ಇರುತ್ತೆ, ತಾನಾಗಿ ಆಫ್ ಆಗಲ್ಲ. ಪಕ್ಕದಲ್ಲೇ ಕೋಟು ಹರಡಿದೀನಿ."

"ಯಾರದು ಕೋಟು?"

"ಲಿಫ್ಟ್ ಮೆಕ್ಯಾನಿಕ್‌ದು. ನಾಳೆ ಬೆಳಿಗ್ಗೆ ದೊಡ್ಡ ಕಂಪನೀಲಿ ಇಂಟರ್‌ವ್ಯೂ ಅಂತೆ. ಜನ್ಮದಲ್ಲಿ ಮೊದಲನೇ ಕೋಟು, ಮದುವೇಗೂ ಹೊಲಿಸಿರ್ಲಿಲ್ಲ ಅಂದ."

ಡೈಲಾಗ್ ಕಾಲರ್ ಇಳಿಸಿದ.

ಭಾನುವಾರ. ಬಿಲ್ಡಿಂಗಲ್ಲಿ ನೊಣ ಕೂಡ ಇಲ್ಲ. ವಾಚ್‌ಮ್ಯಾನ್ ಗೇಟಿನ ಆಚೆ ಕಿವಿಗೆ ವೈರ್ ಸಿಕ್ಕಿಸ್ಕೊಂಡು ಕೂತಿರ್ತಾನೆ, ಇವರು ಗಂಟಲು ಹರಿದ್ಕೊಂಡ್ರೂ ಕೇಳಲ್ಲ. ಬೆಲ್ ಗುಂಡಿ ಇರಬೇಕಾದ ಜಾಗದಲ್ಲಿ ಒಂದು ತೂತು, ತೂತಲ್ಲಿ ಯಾರೋ ತುರುಕಿದ ಚ್ಯೂಯಿಂಗ್ ಗಮ್. ಸ್ಟೀಲ್ ಡಬ್ಬ ಆದ್ರಿಂದ ಫೋನಿಗೆ ಸಿಗ್ನಲ್ ಒಂದು ಗೆರೇನೂ ಇಲ್ಲ. ಬರ್ತಿದ್ದಿದ್ದು ಬಿಲ್ಡಿಂಗಿನ ವೈಫೈ ಒಂದೇ. ಅದರಲ್ಲಿ ತೆರೆಯೋದೂ ಒಂದೇ ಸೈಟು, ಬಿಲ್ಡಿಂಗಿಂದೇ. ಅಲ್ಲೊಂದು ದೂರಿನ ಫಾರ್ಮು: ಅಂಗಡಿ ನಂಬರ್ರು, ಅಂಗಡಿಯೋರ ಫೋನಿನ ಕೊನೇ ನಾಲ್ಕು ಅಂಕಿ, ಎಷ್ಟನೇ ಮಹಡಿ, ಏನು ತೊಂದರೆ, ಒಂದು ಫೋಟೋ. ಕೆಳಗೆ ‘ಕಳಿಸು’. ಒತ್ತಿದ್ರೆ ನೇರ ಮೆಕ್ಯಾನಿಕ್ ಫೋನಿಗೆ ಮೆಸೇಜು. ಬಿಲ್ಡಿಂಗಿನ ಫ್ಯಾನು, ನಲ್ಲಿ, ಬೀಗದ ರಿಪೇರೀನೂ ಅವನದೇ, ಮನೆ ಪಕ್ಕದ ಬೀದೀಲೇ.

ಆ ಫಾರ್ಮನ್ನ ಪಿಎಚ್‌ಪಿ ಅನ್ನೋ ಕಂಪ್ಯೂಟರ್ ಭಾಷೇಲಿ ಬರೆದ ಮಹಾನುಭಾವ ಈಗ ಲಿಫ್ಟಿನ ಮೂಲೇಲಿ ಬೆವರು ಒರೆಸ್ಕೊಳ್ತಿದ್ದ.

ಟೈಲರಕ್ಕ ಆಗಲೇ ತನ್ನ ಹಳೇ ಫೋನಲ್ಲಿ ತುಂಬೋಕೆ ಶುರು ಮಾಡಿದ್ಲು. "ನನಗೆ ಇದು ಅಭ್ಯಾಸ ಬಿಡು. ಈ ಲಿಫ್ಟು ನಾಲ್ಕರ ಹತ್ರ ಎಗರುತ್ತೆ ಅಂತ ಮೂರು ವಾರದಿಂದ ಬರೀತಿದೀನಿ. ಆರು ಸಲ ಆಯ್ತು."

"ಆರು ಸಲಾನಾ?"

"ಆರೂ ಸಲ ‘ಹೊರಟೆ’ ಅಂತಾನೆ. ಬರಲ್ಲ. ಕೆಲಸ ಜಾಸ್ತಿ ಇರಬೇಕು ಪಾಪ, ಕೋಟಿನ ಅಳತೆಗೆ ಬಂದಾಗ ಕೇಳೋಕೂ ಮುಜುಗರ ಆಯ್ತು."

ಡೈಲಾಗ್ ಬೆವರು ಒರೆಸೋದು ನಿಲ್ಲಿಸಿದ. "ಅಕ್ಕಾ, ಆರು ಸಲಾನೂ ಏನಂತ ಬರೆದ್ರಿ?"

"ಇನ್ನೇನಂತ ಬರೀತಾರೆ? ‘ದಯವಿಟ್ಟು ಬೇಗ ಬನ್ನಿ, ಅರ್ಜೆಂಟ್.’"

ಇವನು "ತಡೀರಿ" ಅನ್ನೋಷ್ಟರಲ್ಲಿ ಅವಳ ಹೆಬ್ಬೆರಳು ‘ಕಳಿಸು’ ಮೇಲೆ ಬಿತ್ತು. ಒಂದು ಸುತ್ತು ತಿರುಗಿ ಪುಟ ಬಂತು. ದಪ್ಪ ಅಕ್ಷರದಲ್ಲಿ, ಇವನೇ ಬರೆದ ಸಾಲು: ‘ನೀವು ಕೂತ್ಕೊಳ್ಳಿ. ನಾನು ಹೊರಟೆ ಅಂದ್ರೆ ಬಂದೆ ಅಂತಲೇ ಲೆಕ್ಕ.’

"ನೋಡು, ಹೊರಟ," ಅಂದ್ಲು ಟೈಲರಕ್ಕ, ಸ್ವಲ್ಪ ಉಸಿರು ಬಿಟ್ಟು. ಅಷ್ಟರಲ್ಲಿ ಫೋನು ಕೊನೇ ಉಸಿರು ಬಿಡ್ತು. ಎರಡೇ ಪರ್ಸೆಂಟ್ ಇದ್ದಿದ್ದು, ಪರದೆ ಕಪ್ಪಾಯ್ತು. "ಹೋಗ್ಲಿ, ಕಳಿಸಿ ಆಯ್ತಲ್ಲ." ಅವಳು ಸೆರಗು ಸರಿ ಮಾಡ್ಕೊಂಡು ಬಾಗಿಲಿಗೆ ಕಿವಿ ಕೊಟ್ಟು ನಿಂತ್ಲು.

ಯಾರೂ ಬರಲ್ಲ ಅಂತ ಗೊತ್ತಿದ್ದಿದ್ದು ಆ ಡಬ್ಬದಲ್ಲಿ ಒಬ್ಬನಿಗೇ.

ನಡೆದಿದ್ದು ಇಷ್ಟು. ಆರು ತಿಂಗಳ ಹಿಂದೆ ಮೆಕ್ಯಾನಿಕ್ ಗೊಣಗಿದ್ದ, "ಫ್ಯಾನ್ ಕಿರ್ ಅಂದ್ರೂ ಅರ್ಜೆಂಟ್ ಅಂತಾರೆ ಮಾರಾಯ." ಇವನು, "ಅಣ್ಣಾ, ನಾನಿದೀನಿ" ಅಂತ ಎದೆ ತಟ್ಕೊಂಡು ಅವತ್ತೇ ಕೂತು ಫೈಲಲ್ಲಿ ನಾಲ್ಕು ಸಾಲು ಸೇರಿಸಿದ್ದ. ಸುಮಾರು ನಲವತ್ತು ಪದದ ಪಟ್ಟಿ: ಅರ್ಜೆಂಟ್, ಬೇಗ, ಕೂಡಲೇ, ಪ್ಲೀಸ್, ದಯವಿಟ್ಟು, ಇನ್ನೂ ಏನೇನೋ. ದೂರಲ್ಲಿ ಅದರಲ್ಲೊಂದು ಪದ ಕಂಡ್ರೂ ಸಾಕು, ಮೆಕ್ಯಾನಿಕ್‌ಗೆ ಮೆಸೇಜ್ ಹೋಗಲ್ಲ, ‘ಕಸ’ ಅನ್ನೋ ಫೈಲಿಗೆ ಹೋಗಿ ಬೀಳುತ್ತೆ. ಬರೆದೋರಿಗೆ ಮಾತ್ರ ಅದೇ ‘ಹೊರಟೆ’ ಪುಟ. ಎರಡು ದಿನ ಆಟ ಆಡಿ ತೆಗೆಯೋಣ ಅಂತಿದ್ದ. ಮೂರನೇ ದಿನ ಹೊಸ ಪಿಕ್ಚರ್ ರಿಲೀಸ್ ಆಯ್ತು, ಮರೆತ.

ಈಗ ಸೈಟಿನ ಸರ್ವರ್ ಒಳಗೆ ನುಗ್ಗಿ ಆ ಸಾಲು ಅಳಿಸೋಣ ಅಂದ್ರೆ ಲ್ಯಾಪ್‌ಟಾಪ್ ಇರೋದು ಆರನೇ ಮಹಡೀಲಿ. ತನ್ನ ಫೋನಿಂದ ಇನ್ನೊಂದು ದೂರು ಕಳಿಸೋಣ ಅಂದ್ರೆ ಒಂದು ಅಂಗಡಿಗೆ ದಿನಕ್ಕೆ ಒಂದೇ ದೂರು. ಆ ರೂಲ್ಸೂ ಇವನದೇ. ಟೈಲರಕ್ಕನ ಇವತ್ತಿನ ಪಾಲು ಕಸಕ್ಕೆ ಹೋಯ್ತು. ಇವನಿಗೆ ಸ್ವಂತ ಅಂಗಡಿ ಇಲ್ಲ. ಬೇರೆಯೋರ ಅಂಗಡಿ ನಂಬರ್ ಹಾಕೋಣ ಅಂದ್ರೆ ಅವರ ಫೋನಿನ ಕೊನೇ ನಾಲ್ಕಂಕಿ ಬೇಕು, ಇವನಿಗೆ ಯಾರದೂ ಗೊತ್ತಿಲ್ಲ. ಎಷ್ಟು ಬಾಗಿಲಿದ್ವೋ ಅಷ್ಟಕ್ಕೂ ತಾನೇ ಬೀಗ ಹಾಕಿ, ತಾನೇ ಒಳಗೆ ಕೂತಿದ್ದ.

"ಸುಟ್ಟ ವಾಸನೆ ಬರ್ತಿದ್ಯಾ?" ಟೈಲರಕ್ಕ ಮೂಗು ಎತ್ತಿದ್ಲು.

"ಇಲ್ಲ ಅಕ್ಕಾ."

ಬರ್ತಿತ್ತೋ ಇಲ್ವೋ, ಅವನಿಗೂ ಗೊತ್ತಾಗ್ಲಿಲ್ಲ. ಆದ್ರೆ ಆ ಪ್ರಶ್ನೆ ಆದ್ಮೇಲೆ ಸುಮ್ನೆ ನಿಲ್ಲೋಕೆ ಆಗ್ಲಿಲ್ಲ.

"ಅಕ್ಕಾ, ಅವನು ಹೊರಟಿಲ್ಲ."

"ಬಂತಲ್ಲೋ ಅದ್ರಲ್ಲೇ, ಹೊರಟೆ ಅಂತ."

"ಅದು ನಾನು. ನಾನು ಬರೆದಿದ್ದು. ನೀವು ಬರೆದ ಆರೂ ಅವನಿಗೆ ಮುಟ್ಟಿಲ್ಲ. ಈಗಿನದೂ ಮುಟ್ಟಿಲ್ಲ." ಎಲ್ಲಾ ಹೇಳಿದ. ಗ್ಯಾಪ್ ಇಲ್ಲ, ಮ್ಯೂಸಿಕ್ ಇಲ್ಲ.

ಟೈಲರಕ್ಕ ಬೈತಾಳೆ ಅಂತ ಕಾಯ್ತಿದ್ದ. ಅವಳು ಅವನನ್ನ ಕಾಲಿಂದ ತಲೇವರೆಗೂ ಒಂದ್ಸಲ ನೋಡಿದ್ಲು, ಅಳತೆ ತಗೊಳ್ಳೋ ಥರ.

"ಆರು ಸಲಾನೂ ಕೈಯಲ್ಲಿ ಟೈಪ್ ಮಾಡಿದೀನಿ," ಅಂದ್ಲು. "ಒಂದೊಂದು ಅಕ್ಷರಾನೂ ಹುಡುಕಿ. ಕನ್ನಡಕ ಹಾಕ್ಕೊಂಡು." ಅಷ್ಟೇ. ಆಮೇಲೆ, "ಈಗೇನು ಬೇಕು ಹೇಳು."

"ಯಾರದಾದ್ರೂ ಅಂಗಡಿಯೋರ ಫೋನ್ ನಂಬರು."

ಅವಳು ಕೈಚೀಲದಿಂದ ಅಳತೆ ಪುಸ್ತಕ ತೆಗೆದ್ಲು. ಎಣ್ಣೆ ಕೈ, ಸೀಮೆಸುಣ್ಣದ ಕೈ ತಾಗಿ ತಾಗಿ ದಪ್ಪ ಆದ ಪುಸ್ತಕ. ಬಿಲ್ಡಿಂಗಲ್ಲಿ ಅವಳ ಹತ್ರ ಬಟ್ಟೆ ಹೊಲಿಸದವರಿಲ್ಲ, ಪ್ರತಿ ಅಳತೆ ಪಕ್ಕಾನೂ ಒಂದು ಫೋನ್ ನಂಬರು. "ಹಲ್ಲು ಡಾಕ್ಟರು, ಎರಡನೇ ಮಹಡಿ, ಇಪ್ಪತ್ತೊಂದನೇ ನಂಬರು. ಸೊಂಟ ನಲವತ್ತೆರಡು, ಮೂವತ್ತೆಂಟು ಅಂತ ಬರೀರಿ ಅಂತಾರೆ. ಕೊನೇ ನಾಲ್ಕಂಕಿ ಐದು, ಸೊನ್ನೆ, ಒಂಬತ್ತು, ಒಂಬತ್ತು."

ಡೈಲಾಗ್ ತುಂಬಿದ. ಮುಚ್ಚಿದ ಬಾಗಿಲಿನ ಫೋಟೋ ತೆಗೆದು ಹಾಕಿದ. ತೊಂದರೆ ಜಾಗದಲ್ಲಿ ‘ಲಿಫ್ಟ್ ನಿಂತಿದೆ’ ಅಂತ ಬರೆದು ಒತ್ತಿದ. ಪುಟ ವಾಪಸ್ ಬಂತು: ‘ಅಂಗಡಿ ನಂಬರ್ ಎಲ್ಲಿ ಗುರೂ?’ ನೋಡಿದ್ರೆ ಎಲ್ಲಾ ಖಾನೆ ಖಾಲಿ.

"ತುಂಬಿದ್ಯಲ್ಲೋ."

"ಫೋಟೋ ದಪ್ಪ ಆಯ್ತು ಅಕ್ಕಾ. ಇಷ್ಟಕ್ಕಿಂತ ಜಾಸ್ತಿ ಭಾರ ಹೊರಲ್ಲ ಅಂತ ಪಿಎಚ್‌ಪಿಗೆ ಒಂದು ಮಿತಿ ಇರುತ್ತೆ. ಮಿತಿ ದಾಟಿದ್ರೆ ಫೋಟೋ ಒಂದನ್ನೇ ಬಿಸಾಕಲ್ಲ, ಬರೆದಿದ್ದೆಲ್ಲಾ ಬಿಸಾಕುತ್ತೆ. ನಿಮ್ಮ ಹಳೇ ಫೋನಾದ್ರೆ ಚಿಕ್ಕ ಫೋಟೋ, ಹೋಗ್ತಿತ್ತು. ನಂದು ಹೊಸದು."

"ಹೊಸದು ತಗೊಂಡು ಏನು ಸಾಧಿಸಿದೆ?"

ಫೋಟೋ ಇಲ್ದೆ ಫಾರ್ಮು ಹೋಗೋದೂ ಇಲ್ಲ. ಕ್ಯಾಮೆರಾ ಕಣ್ಣಿಗೆ ಬೆರಳು ಒತ್ತಿ ಹಿಡಿದು ಒಂದು ಫೋಟೋ ತೆಗೆದ. ಬರೀ ಕತ್ತಲು. ಕತ್ತಲಿನ ಫೋಟೋಗೆ ಭಾರ ಕಮ್ಮಿ.

"ಈಗ ಯೋಚನೆ ಮಾಡಿ ಬರೀಬೇಕು ಅಕ್ಕಾ. ನಲವತ್ತು ಪದದಲ್ಲಿ ಹತ್ತು ನೆನಪಿದೆ, ಮೂವತ್ತು ನೆನಪಿಲ್ಲ. ‘ಬೆಂಕಿ’ ಅಂತೂ ಬರೆಯೋ ಹಾಗಿಲ್ಲ. ‘ಈ ಲಿಫ್ಟಿಗೆ ಬೆಂಕಿ ಹಾಕ’ ಅಂತ ಜನ ದಿನಾ ಬರೀತಿದ್ರು, ಅದಕ್ಕೆ ಸೇರಿಸಿದ್ದೆ. ಬರೀ ‘ಲಿಫ್ಟ್ ನಿಂತಿದೆ’ ಅಂತ ಕಳಿಸಿದ್ರೆ ಮುಟ್ಟುತ್ತೆ. ಆದ್ರೆ ಅಣ್ಣ ಭಾನುವಾರ ಅಂತ ಊಟ ಮಾಡಿ, ನಿದ್ದೆ ಮಾಡಿ, ಸಾಯಂಕಾಲ ಬರ್ತಾನೆ. ಅವಸರ ಅನ್ನೋದು ಎಲ್ಲೂ ಕಾಣಬಾರದು, ಆದ್ರೆ ಅವನು ಓಡಿ ಬರಬೇಕು."

ಟೈಲರಕ್ಕ ಅಳತೆ ಪುಸ್ತಕ ಮುಚ್ಚಿದ್ಲು. "ಬರ್ಕೋ. ‘ನಿಮ್ಮ ಕೋಟು ಇಸ್ತ್ರಿ ಪೆಟ್ಟಿಗೆ ಪಕ್ಕ ಇದೆ. ಪೆಟ್ಟಿಗೆ ಆನ್ ಇದೆ. ಅಂಗಡಿ ಬಾಗಿಲು ತೆಗೆದಿದೆ. ಹೊಲಿದೋಳು ಲಿಫ್ಟಲ್ಲಿದಾಳೆ.’"

ಡೈಲಾಗ್ ಟೈಪ್ ಮಾಡಿ ಎರಡು ಸಲ ಓದಿದ. ನೂರಾರು ಪಿಕ್ಚರ್ ನೋಡಿದಾನೆ, ಇಂಥ ಡೈಲಾಗ್ ಕೇಳಿರ್ಲಿಲ್ಲ. ಒತ್ತಿದ.

‘ನೀವು ಕೂತ್ಕೊಳ್ಳಿ. ನಾನು ಹೊರಟೆ ಅಂದ್ರೆ ಬಂದೆ ಅಂತಲೇ ಲೆಕ್ಕ.’

"ಹೋಯ್ತಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಹೋದ್ರೂ ಇದೇ ಪುಟ. ಕಸಕ್ಕೆ ಬಿದ್ರೂ ಇದೇ ಪುಟ. ಹಾಗೇ ಮಾಡಿದೀನಿ."

ಟೈಲರಕ್ಕ ಲಿಫ್ಟಿನ ನೆಲದ ಮೇಲೆ ಕೂತು ಗುಂಡಿ ಪೊಟ್ಟಣ ಬಿಚ್ಚಿ ಮಡಿಲಿಗೆ ಸುರ್ಕೊಂಡು, ಮತ್ತೆ ಒಂದೊಂದೇ ಒಳಗೆ ಹಾಕ್ತಾ ಹೋದ್ಲು. ಡೈಲಾಗ್ ಬಾಗಿಲಿಗೆ ಹಣೆ ಒತ್ತಿ ನಿಂತ. ಸ್ಟೀಲು ತಣ್ಣಗಿತ್ತು, ಕಣ್ಣೆದುರಿಗೇ ಅವನದೇ ಮುಖ ವಕ್ರವಾಗಿ ಕಾಣ್ತಿತ್ತು. ಈ ಪುಟದ ಮುಂದೆ ಹೀಗೇ ಎಷ್ಟು ಜನ ಕೂತು ಕಾದಿರಬಹುದು ಅಂತ ಮೊದಲನೇ ಸಲ ಅನ್ನಿಸ್ತು. ನೀರು ಸೋರ್ತಿದೆ ಅಂದೋರು, ಬೀಗ ಕಚ್ಕೊಂಡಿದೆ ಅಂದೋರು. ಎಲ್ಲರಿಗೂ ‘ಹೊರಟೆ’ ಅಂದಿದ್ದ.

ಈಗ ವಾಸನೆ ನಿಜವಾಗ್ಲೂ ಬಂತು. ಉಣ್ಣೆ ಕಮರಿದ ವಾಸನೆ, ಸಣ್ಣಗೆ, ಮೇಲಿಂದ. ಇಬ್ಬರೂ ಮುಖ ಮುಖ ನೋಡ್ಕೊಂಡ್ರು.

ಆಗ ಕೆಳಗೆಲ್ಲೋ ಬಾಗಿಲು ಧಡ್ ಅಂತು. ಮೆಟ್ಟಿಲ ಮೇಲೆ ಹೆಜ್ಜೆ. ಎರಡೆರಡು ಮೆಟ್ಟಿಲು ಹಾರೋ ಹೆಜ್ಜೆ.

"ಅಣ್ಣಾ, ಇಲ್ಲಿದೀವಿ," ಡೈಲಾಗ್ ಬಾಗಿಲು ಬಡಿದ.

ಹೆಜ್ಜೆ ಅವರ ಪಕ್ಕದಲ್ಲೇ ಬಂತು, ನಿಲ್ಲದೆ ಮೇಲೆ ಹೋಯ್ತು.

"ಬಡೀಬೇಡ," ಅಂದ್ಲು ಟೈಲರಕ್ಕ. ಮುಖದಲ್ಲಿ ಬಣ್ಣ ವಾಪಸ್ ಬರ್ತಿತ್ತು. "ಮೊದಲು ಕೋಟು."

ಹತ್ತು ನಿಮಿಷ ಆದ್ಮೇಲೆ ಮೂರನೇ ಮಹಡಿ ಬಾಗಿಲು ಸಂದಿ ಬಿಟ್ಕೊಳ್ತು. ಲಿಫ್ಟಿನ ನೆಲದ ಮಟ್ಟಕ್ಕೆ ಮೆಕ್ಯಾನಿಕ್‌ನ ಕುತ್ತಿಗೆ, ತಲೆ. ಮನೆ ಬನಿಯನ್ನು, ಹೆಗಲ ಮೇಲೆ ಕೋಟು. ಎಡಗೈ ತೋಳಿನ ತುದಿ ಕಂದು ಬಣ್ಣಕ್ಕೆ ಸುಟ್ಟಿತ್ತು.

"ಪೆಟ್ಟಿಗೆ ಕಬ್ಬಿಣದ ಸ್ಟ್ಯಾಂಡ್ ಮೇಲೆ ಮಲಗಿತ್ತು ಅಕ್ಕಾ, ತೋಳು ಅದಕ್ಕೆ ತಾಗಿತ್ತು. ಸ್ವಿಚ್ ಆರಿಸಿದೀನಿ. ಇನ್ನೈದು ನಿಮಿಷ ತಡ ಆಗಿದ್ರೆ ಟೇಬಲ್ ಹೊತ್ಕೊಳ್ತಿತ್ತು."

"ಸಂಜೆಯೊಳಗೆ ತೋಳು ಬದಲಾಯಿಸ್ತೀನಿ, ಬಟ್ಟೆ ಉಳಿದಿದೆ. ನೀನು ಕೋಟು ಹಾಕ್ಕೊಂಡೇ ಹೋಗ್ತೀಯ."

ಅವನು ಸ್ಟೂಲ್ ಇಟ್ಟು ಅವಳನ್ನ ಇಳಿಸಿದ. "ಅಲ್ಲಕ್ಕಾ, ಲಿಫ್ಟ್ ಎಗರುತ್ತೆ ಅಂತ ಮೊದಲೇ ಒಂದು ದೂರು ಹಾಕಬಾರದಿತ್ತಾ?"

ಟೈಲರಕ್ಕ ತಿರುಗಿ ಮೇಲೆ ನೋಡಿದ್ಲು. ಹೇಳಬೇಕಾದೋನು ಮೇಲಿದ್ದ.

"ಆರು ಹಾಕಿದಾರೆ ಅಣ್ಣಾ," ಅಂದ ಡೈಲಾಗ್. ಅವನಿಗೂ ಎಲ್ಲಾ ಹೇಳಿದ. ಮೆಕ್ಯಾನಿಕ್ ಸುಟ್ಟ ತೋಳನ್ನ ಬೆರಳಲ್ಲಿ ಸವರ್ತಾ ಕೇಳಿಸ್ಕೊಂಡ. ಆಮೇಲೆ ಇವನು ಇಳಿಯೋಕೆ ಅಂತ ಕಾಲು ಚಾಚಿದ್ರೆ, ಕೆಳಗೆ ಸ್ಟೂಲ್ ಇರ್ಲಿಲ್ಲ. ಟೈಲರಕ್ಕ ಎತ್ಕೊಂಡಿದ್ಲು.

"ಇವನು ಇರಲಿ ಬಿಡು. ಗಾಳಿ ಇದೆ, ಲೈಟಿದೆ. ಇವನದೇನು ಅರ್ಜೆಂಟಿಲ್ಲ."

"ಫಾರ್ಮ್ ತುಂಬು ತಮ್ಮಾ," ಅಂದ ಮೆಕ್ಯಾನಿಕ್, "ಬರ್ತೀನಿ," ಅಂತ ಗಾಳಿಗೆ ನಾಲ್ಕು ಬೆರಳು ಸಂದಿ ಬಿಟ್ಟು ಬಾಗಿಲು ಎಳೆದ.

ಡೈಲಾಗ್ ಫಾರ್ಮ್ ತೆಗೆದ. ಹಲ್ಲು ಡಾಕ್ಟರ ನಂಬರ್ ಹಾಕಿದ, ಪುಟ ಅಂತು: ‘ಇವತ್ತಿನ ಶೋ ಮುಗೀತು, ನಾಳೆ ಬನ್ನಿ.’ ಅಂಗಡಿ ನಂಬರಿನ ಜಾಗದಲ್ಲಿ ತನ್ನ ಹೆಸರು ಬರೆದ, ಪುಟ ಅಂತು: ‘ಅಂಗಡಿ ಇಲ್ಲದವರಿಗೆ ಅಳೋ ಹಕ್ಕಿಲ್ಲ.’ ಆಗ ನಗು ಬಂದಿತ್ತು ಅವನಿಗೆ, ಈ ಉತ್ತರಗಳನ್ನ ಸೈಟಿಗೆ ಬರೆಯೋವಾಗ.

ಸ್ವಲ್ಪ ಹೊತ್ತಾದ್ಮೇಲೆ ಐದನೇ ಮಹಡಿಯಿಂದ, ಲಿಫ್ಟ್ ಓಡಾಡೋ ಬಾವಿಯೊಳಗಿಂದ, ಟೈಲರಕ್ಕನ ದನಿ ಇಳಿದು ಬಂತು. "ಏನಾದ್ರೂ ಹೇಳೋದಿದ್ಯೇನೋ?"

ಅವನು ಕಾಲರ್ ಮುಟ್ಲಿಲ್ಲ. ಸಂದಿಗೆ ಬಾಯಿ ಇಟ್ಟು ಅಂದ, "ಅಕ್ಕಾ, ತಪ್ಪಾಯ್ತು. ಬೇಗ ಬರೋಕೆ ಹೇಳಿ. ಪ್ಲೀಸ್."

ಮೇಲೆ ಹೊಲಿಗೆ ಮೆಷಿನ್ ಟಕಟಕ ಅಂತ ಶುರುವಾಯ್ತು.