ಕಾರ್ಡಿನೊಳಗಿನ ಕಣ್ಣು

ಗೋಡೆಯ ಮೇಲೆ ಆ ಕೆಂಪು ಚುಕ್ಕೆ, ನಡುವೆ ಕಣ್ಣು ಕುಕ್ಕುವಷ್ಟು ಪ್ರಖರ, ಅಂಚಿಗೆ ಹೋದಂತೆ ಮಂಕು, ಕೊಪ್ಪಳದ ನಮ್ಮ ಕಾಲೇಜಿಗೆ ಲೇಸರ್ ಬಂದು ಎಂಟು ದಿನ, ನಾಳೆ ವಿಜ್ಞಾನ ಪ್ರದರ್ಶನ, ಎಲ್ಲ ಕಡೆ ಒಂದೇ ಸಮ ಬೆಳಗುವ ಕೆಂಪು ಚೌಕ ತೋರಿಸುತ್ತೇನೆ ಎಂದು ಪ್ರಿನ್ಸಿಪಾಲರಿಗೆ ಹೇಳಿಬಿಟ್ಟಿದ್ದೇನೆ, ಅದಕ್ಕೆ ಬೇಕಾದದ್ದು ಸಣ್ಣ ಸಣ್ಣ ಮಸೂರಗಳ ಸಾಲು, ಒಂದೊಂದೂ ತನ್ನ ಪಾಲಿನ ತುಣುಕು ಬೆಳಕನ್ನು ಇಡೀ ಚೌಕಕ್ಕೆ ಹರಡಬೇಕು, ನಡುವಿನದೂ ಅಂಚಿನದೂ ಒಂದರ ಮೇಲೊಂದು ಬಿದ್ದು ಸಮವಾಗಬೇಕು — ಒಂದು ದಿನದಲ್ಲಿ ಅದನ್ನು ಎಲ್ಲಿಂದ ತರಲಿ, ಇರುವುದು ಇದೊಂದೇ, ಅಕ್ಕನ ಕಾರ್ಡು, ಓರೆ ಮಾಡಿದರೆ ಕಣ್ಣು ಮಿಟುಕಿಸುವ ಹೆಂಗಸು, ಉಗುರು ಎಳೆದರೆ ಝರ್ರ್ ಎನ್ನುವ ಗೀರು ಗೀರು ಪ್ಲಾಸ್ಟಿಕ್, ಒಂದೊಂದು ಗೀರೂ ಒಂದು ಉದ್ದನೆಯ ಮಸೂರ, ಹಿಂದಿನ ಚಿತ್ರ ಕೆರೆದು ತೆಗೆದು, ಎರಡು ತುಂಡು ಮಾಡಿ, ಒಂದರ ಮುಂದೆ ಒಂದನ್ನು ಅಡ್ಡ ಹಿಡಿದರೆ ಆಯಿತು, ಬ್ಲೇಡು ಕೈಯಲ್ಲೇ ಇದೆ, ಮೂಲೆಯ ಹಸಿರು ಸೆರಗು ಆಗಲೇ ಪುಡಿಯಾಗಿ ಮೇಜಿನ ಮೇಲೆ ಬಿದ್ದಿದೆ, ಆ ಮೂಲೆಯಲ್ಲಿ ಬೆಳಕು ಹಾಯಿಸಿದೆ, ಚುಕ್ಕೆ ಪಟ್ಟಿಯಾಗಿ ಹರಡಿತು, ನಡುವೆಯೂ ತುದಿಯಲ್ಲೂ ಒಂದೇ ಕೆಂಪು.

ಗಂಗಾವತಿಯಿಂದ ಅಪ್ಪ ತಂದ ಕಾರ್ಡು, ಎಪ್ಪತ್ತೊಂದರಲ್ಲಿ, ಏಳನೆಯ ತರಗತಿಯಲ್ಲಿ ಅಕ್ಕ ಹೊಳಿಯಮ್ಮ ಮೊದಲ ನಂಬರು ಬಂದಳೆಂದು, ನಾನೂ ಅದೇ ತರಗತಿ, ಪಾಸಾದದ್ದು ಅವಳು ಹೇಳಿಕೊಟ್ಟ ಲೆಕ್ಕದಿಂದ, ಹಂಗಲ್ಲೋ ಹೇಮ್ಯಾ, ತಲ್ಯಾಗ ಸಗಣಿ ತುಂಬ್ಯಾರೇನು ನಿನಗ, ಎಂದು ಬಳಪ ಕಿತ್ತುಕೊಳ್ಳುತ್ತಿದ್ದಳು, ಆ ಬಳಪದ ವಾಸನೆ, ಕಟ್ಟೆಯ ಮೇಲಿನ ಸಂಜೆ ಬಿಸಿಲು, ಅಪ್ಪ ರುಮಾಲು ಬಿಚ್ಚಿಟ್ಟು ಕೇಳಿದ, ಲೇ, ಯಲಬುರ್ಗಾ ಸಾಲಿಗೆ ದಿನಾ ನಿಮ್ಮಕ್ಕನ್ನ ಬಸ್ಸಿನ್ಯಾಗ ಕರಕೊಂಡ ಹೋಗಿ ಕರಕೊಂಡ ಬರ್ತಿಯೇನು, ನೀ ಹೂಂ ಅಂದರ ಕಳಸ್ತೀನಿ — ಒಂದೇ ಅಕ್ಷರ, ಬಾಗಿಲ ಹಿಂದೆ ಅವಳ ಬಳೆ ಸದ್ದು ನಿಂತಿತು, ಹುಡುಗರು ನಗುತ್ತಾರೆ, ಅಲ್ಲಿಯೂ ಅವಳೇ ಮೊದಲು ಬರುತ್ತಾಳೆ, ನಾನು ತಲೆ ತಗ್ಗಿಸಿ ಕಾರ್ಡನ್ನು ಓರೆ ಮಾಡುತ್ತ ಕೂತೆ, ಕಣ್ಣು ಮುಚ್ಚಿತು, ತೆರೆಯಿತು, ಮುಚ್ಚಿತು. ಅಪ್ಪ ರುಮಾಲು ಸುತ್ತಿಕೊಂಡು ಎದ್ದು ಹೋದ. ಜೂನಿನಲ್ಲಿ ನಾನೊಬ್ಬನೇ ಬಸ್ಸು ಹತ್ತುವಾಗ ಕಾರ್ಡನ್ನು ಅವಳೇ ನನ್ನ ಚೀಲಕ್ಕೆ ಹಾಕಿದಳು, ತಗೋ ತಮ್ಮಾ, ಅಕಿ ಹೆಂಗ ಕಣ್ಣ ಮುಚ್ಚತಾಳ, ಸಾಲ್ಯಾಗ ಕೇಳಿಕೊಂಡು ಬಾ. ಎರಡು ವರ್ಷ ಕೇಳಿದಳು, ಹೇಳಿದರೇನೋ ಮಾಸ್ತರು, ಹನುಮಸಾಗರಕ್ಕೆ ಮದುವೆಯಾಗಿ ಹೋದ ಮೇಲೆ ಕೇಳುವುದನ್ನು ಬಿಟ್ಟಳು, ನಾನು ಬಿಎಸ್ಸಿ ಮುಗಿಸಿದೆ, ಎಮ್ಮೆಸ್ಸಿ ಮುಗಿಸಿದೆ — ಸರ್, ನಿಮ್ಮ ಅಕ್ಕಾರು ಬಂದಾರ್ರಿ, ಬೇವಿನ ಗಿಡದ ಕೆಳಗ ಕುಂತಾರ, ಬಾಗಿಲಲ್ಲಿ ಅಟೆಂಡರ್ ನೂರಸಾಬ, ಚಾ ತಗೋರಿ ಅಂದರ ಮೊದಲ ನಮ್ಮ ತಮ್ಮಗ ಕೊಡು ಅಂತಾರ್ರಿ — ಪ್ರದರ್ಶನಕ್ಕೆ ಬಾ ಎಂದು ಕಾಗದ ಬರೆದವನು ನಾನೇ, ನಾಳೆ ಬಾ ಎಂದಿದ್ದೆ, ಇವತ್ತೇ ಬಂದಿದ್ದಾಳೆ, ಕರಿ ನೂರಸಾಬ ಎಂದೆನೇ, ಎಂದಿರಬೇಕು, ಅವನು ಹೋದ, ಬ್ಲೇಡು ನಿಲ್ಲುತ್ತಿಲ್ಲ, ಚಿತ್ರದವಳ ಕೈ ಹೋಯಿತು, ಕೊರಳು ಹೋಯಿತು, ತುಟಿ, ಕಣ್ಣಿನ ಹತ್ತಿರ ಬಂದು ನೋಡಿದರೆ ತೆರೆದ ಕಣ್ಣಿನದೊಂದು ಎಳೆ, ಮುಚ್ಚಿದ ಕಣ್ಣಿನದೊಂದು ಎಳೆ, ಮಗ್ಗುಲಿಗೆ ಮಗ್ಗುಲು, ಮತ್ತೆ ತೆರೆದದ್ದು, ಮತ್ತೆ ಮುಚ್ಚಿದ್ದು, ಇಷ್ಟು ವರ್ಷ ಎರಡೂ ಇಲ್ಲೇ ಇದ್ದವು, ಯಾವುದನ್ನು ನೋಡಬೇಕೋ ಅದನ್ನು ತೋರಿಸಿದ್ದು ನನ್ನ ಕೈ, ಕಾರ್ಡಿನವಳು ಕಣ್ಣು ಮುಚ್ಚಿಯೇ ಇರಲಿಲ್ಲ ಅಕ್ಕಾ, ಓರೆ ಮಾಡಿದವನು ನಾನು, ಇದನ್ನು ಹೇಳಬೇಕು, ಇದೊಂದೇ ಮಾತು, ಬಾಗಿಲಲ್ಲಿ ಬಳೆ ಸದ್ದು, ಸೊರಗೀಯಲ್ಲೋ ತಮ್ಮಾ, ಎಂದವಳು ಮೇಜಿನ ಮೇಲಿನ ಪುಡಿ ನೋಡಿದಳು, ಕಾರ್ಡು ಎತ್ತಿಕೊಂಡಳು, ಇಕಿ ನಮ್ಮಾಕಿನ ಹೌದಲ್ಲ, ಪ್ಲಾಸ್ಟಿಕ್ಕಿನಾಚೆ ಅಕ್ಕನದೇ ಅಂಗೈ, ಮಸುಕು, ನಡುವೆ ಉಳಿದ ಒಂದೇ ಒಂದು ಕಣ್ಣು, ಹಳೆಯ ರೂಢಿಯಂತೆ ಮೆಲ್ಲಗೆ ಓರೆ ಮಾಡುತ್ತಾಳೆ, ಕೇಳಿದ್ಯೇನೋ ಸಾಲ್ಯಾಗ, ಎನ್ನುತ್ತಾಳೆ, ನಗುತ್ತಾಳೋ ಏನೋ ತಿಳಿಯದು, ಹೇಳಬೇಕಾದ ಒಂದೇ ಮಾತು — ಕಣ್ಣು ಮುಚ್ಚುತ್ತದೆ, ತೆರೆಯುತ್ತದೆ, ಮುಚ್ಚುತ್ತದೆ