ದ್ವಾದಶಿಯ ಡಾಲ್ಫಿನ್

ನನ್ನ ಮಾತನ್ನು ನಂಬದವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯುರಿ. ಚೆನ್ನೈಯ ಪ್ಯಾರೀಸ್ ಕಾರ್ನರಿನ ಒಂದು ವಿಮಾ ಕಚೇರಿಯ ಮೋಟಾರು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವಳು ನಾನು. ಪೆಟ್ಟು ತಿಂದ ಕಾರಿನ ಸುತ್ತ ಒಂದು ಸುತ್ತು ಬಂದು, ಇದು ಹೊಸ ಪೆಟ್ಟು, ಇದು ಹಳೆಯದು ಎಂದು ರಮಾಬಾಯಿ ಹೇಳಿದರೆ ಅಲ್ಲಿಗೆ ಮುಗಿಯಿತು, ಮೇಲಿನವರು ಎರಡನೇ ಮಾತು ಆಡುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ, ಹುಳಿಗೆ ಇವತ್ತು ಯಾವ ತರಕಾರಿ ಎಂಬುದನ್ನು ಬಿಟ್ಟು ಬೇರೆ ಯಾವುದಕ್ಕೂ ಯಾರೂ ನನ್ನನ್ನು ಕೇಳಲಿಲ್ಲ.

ಆಗ ಸಿಕ್ಕಿದ್ದು ಈ ವಾಟ್ಸಾಪ್ ಗುಂಪು. ಚೆನ್ನೈಯಲ್ಲಿ ಅಪರೂಪದ ಕಾರು ಎಲ್ಲಿ ಕಂಡರೂ ಫೋಟೋ ತೆಗೆದು ಹಾಕುವವರ ಗುಂಪು. ಇನ್ನೂರು ಚಿಲ್ಲರೆ ಜನ, ಹೆಚ್ಚಿನವರು ನನ್ನ ಮಗಳಿಗಿಂತ ಚಿಕ್ಕವರು. ಅವರು ಭಾನುವಾರ ಬೆಳಿಗ್ಗೆ ಈಸಿಆರ್ ಎಂಬ ಕಡಲತೀರದ ಹೆದ್ದಾರಿಯಲ್ಲಿ ಕಾದು ನಿಂತು ಲಂಬೋರ್ಗಿನಿ, ಫೆರಾರಿ ಹಿಡಿಯುತ್ತಾರೆ. ಹೊಳೆಯುತ್ತಾ, ಗುಡುಗುತ್ತಾ ಬರುವ ಕಾರನ್ನು ಕಾಣುವುದರಲ್ಲಿ ಏನು ದೊಡ್ಡಸ್ತಿಕೆ? ಅದು ತಾನಾಗಿಯೇ ಕಾಣುತ್ತದೆ. ಎಗ್ಮೋರಿನ ಓಣಿಯೊಂದರಲ್ಲಿ ಟಾರ್ಪಾಲು ಹೊದ್ದು ಮಲಗಿದ್ದ ಸ್ಟ್ಯಾಂಡರ್ಡ್ ಗೆಜೆಲ್ ಎಂಬ ಹಳೆಯ ಕಾರನ್ನು ಬರೀ ಟಾರ್ಪಾಲಿನ ಉಬ್ಬುತಗ್ಗು ನೋಡಿ ಗುರುತಿಸಿದವಳು ನಾನು. ಅಂದಿನಿಂದ ಹಳೆಯ ಕಾರಿನ ವಿಷಯ ಬಂದರೆ ಗುಂಪಿನಲ್ಲಿ ನನ್ನನ್ನೇ ಕೇಳುತ್ತಿದ್ದರು. ಆ ಕೇಳುವಿಕೆ ನನಗೆ ಎಷ್ಟು ಬೇಕಾಗಿತ್ತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗುಂಪಿನ ಅಡ್ಮಿನ್ ಗುರುಚರಣ, ತಿರುವಲ್ಲಿಕೇಣಿಯ ನಮ್ಮವರದೇ ಹುಡುಗ, ಇಪ್ಪತ್ತೆಂಟು ವಯಸ್ಸು. ಅವನದು ಒಂದೇ ನಿಯಮ: ಫೋಟೋದಲ್ಲಿ ಕಾರೂ ಇರಬೇಕು, ಜಾಗವೂ ತಿಳಿಯಬೇಕು. ಫೋಟೋ ಇಲ್ಲವೆಂದರೆ ಕಾರು ಕಂಡೇ ಇಲ್ಲ.

ಆ ಗುರುವಾರ ಸಾಧನ ದ್ವಾದಶಿ. ಹಿಂದಿನ ದಿನ ಏಕಾದಶಿಯೆಂದು ಹನಿ ನೀರೂ ಮುಟ್ಟದವರು ಅಂದು ಬೆಳಿಗ್ಗೆ ಏಳರೊಳಗೆ ಪಾರಣೆ ಮುಗಿಸಬೇಕಿತ್ತು. ವೆಸ್ಟ್ ಮಾಂಬಲಂನ ನಮ್ಮ ಮೊದಲನೇ ಮಹಡಿಯ ಫ್ಲ್ಯಾಟಿನಲ್ಲಿ ನಾನು ನಾಲ್ಕಕ್ಕೇ ಎದ್ದು, ಸ್ನಾನ ಮಾಡಿ, ಮಡಿಸೀರೆ ಉಟ್ಟು ಒಲೆ ಹಚ್ಚಿದ್ದೆ. ಆರು ಇಪ್ಪತ್ತಕ್ಕೆ ಅಗಸೆ ಸೊಪ್ಪಿನ ಪಲ್ಯ ಕೆದಕುತ್ತಿರುವಾಗ ಬೀದಿಯಿಂದ ಒಂದು ಸದ್ದು ಬಂತು. ಹೊಲಿಗೆ ಯಂತ್ರಕ್ಕೆ ಸಿಟ್ಟು ಬಂದಂಥ ಸದ್ದು. ಬಾಲ್ಕನಿಗೆ ಓಡಿದೆ.

ಸಿಪಾನಿ ಡಾಲ್ಫಿನ್! ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ, ಎರಡೇ ಬಾಗಿಲಿನ, ಫೈಬರ್ ಮೈಯ ಪುಟಾಣಿ ಕಾರು. ನನ್ನ ಮೇಜಿಗೆ ಅಂಥದ್ದೊಂದರ ಕಾಗದ ಕೊನೆಯ ಸಲ ಬಂದದ್ದು ತೊಂಬತ್ತೊಂದರಲ್ಲಿ. ಈಗ ತಿಳಿನೀಲಿ ಬಣ್ಣ ಬಳಿದುಕೊಂಡು, ಎದುರಿಗೆ ಹಾಲಿನ ವ್ಯಾನು ಅಡ್ಡ ನಿಂತದ್ದರಿಂದ, ನನ್ನ ಬಾಲ್ಕನಿಯ ಕೆಳಗೇ ನಿಂತಿತ್ತು. ಬಾನೆಟ್ಟಿಗೆ ರೇಸಿನ ಕಾರುಗಳಿಗೆ ಹಾಕುವ ಪಿನ್ನು, ಬಾಗಿಲಿನ ಮೇಲೆ ಸಂಖ್ಯೆ ಬರೆಯಲು ಅಂಟಿಸಿದ ಬಿಳಿ ವೃತ್ತ.

ಫೋನು ನಡುಮನೆಯ ಮೇಜಿನ ಮೇಲಿತ್ತು. ಹತ್ತು ಹೆಜ್ಜೆ. ಆದರೆ ಮುಟ್ಟಿದರೆ ಮಡಿ ಹೋಯಿತು. ಮತ್ತೆ ಸ್ನಾನ, ಮತ್ತೆ ಅಡಿಗೆ, ಅಷ್ಟರಲ್ಲಿ ದ್ವಾದಶಿ ಮುಗಿದು ಯಜಮಾನರ ಪಾರಣೆ ತಪ್ಪುತ್ತದೆ. ಅವರಾದರೂ ತಂದುಕೊಡಲಿ ಎಂದರೆ ಅವರೂ ಮಡಿಯಲ್ಲೇ, ಮೇಲೆ ಜಪದ ಮೌನ ಬೇರೆ.

"ರೀ, ಕಾರು! ಕಾರು ರೀ!" ಎಂದು ಕೂಗಿದೆ. ನನ್ನ ಯಜಮಾನರಾದ ತಿರುಮಲರಾಯರು ಕಣ್ಣು ತೆರೆದು, ಏನು ಎಂಬಂತೆ ಕೈ ಆಡಿಸಿ, ಮತ್ತೆ ಕಣ್ಣು ಮುಚ್ಚಿದರು.

ಬೀದಿಗೆ ಬಗ್ಗಿ, ಎರಡೂ ಕೈ ಬೀಸಿದೆ. ಕೂಗಬೇಕಾದದ್ದು ನಿಲ್ಲಪ್ಪಾ ಎಂದು. ಗಾಬರಿಯಲ್ಲಿ ಬಾಯಿಂದ ಬಂದದ್ದೇ ಬೇರೆ: "ನಾನು ಮಡೀಲಿದೀನಿ! ಮಡೀಲಿದೀನಿ!"

ಡ್ರೈವರು ತಲೆ ಹೊರಹಾಕಿ ಮೇಲೆ ನೋಡಿದ. ಮರುಕ್ಷಣ ಗೇರು ಹಾಕಿ, ಬಂದ ದಾರಿಯಲ್ಲೇ ಬೀದಿಯ ಮೂಲೆಯವರೆಗೂ ಹಿಂದಕ್ಕೆ ಓಡಿಸಿಕೊಂಡು ಹೋಗಿಬಿಟ್ಟ. ನಂಬರ್ ಪ್ಲೇಟು ನೋಡಬೇಕಿತ್ತೆಂದು ನನಗೆ ಹೊಳೆದದ್ದು ಆಮೇಲೆ. ಮೂವತ್ತನಾಲ್ಕು ವರ್ಷದ ಅನುಭವ ಅಷ್ಟು ಚೆಂದ!

ಪಾರಣೆ ಮುಗಿಸಿ ಕೈತೊಳೆದ ಯಜಮಾನರು, "ಏನು ಕಾರು ಅದು, ಮಾರುತೀನಾ?" ಎಂದರು. ನಾನು ಎಲೆ ಎತ್ತಿಕೊಂಡು ಹೋದೆ.

ಮಡಿ ಬಿಟ್ಟ ಕೂಡಲೇ ಗುಂಪಿನಲ್ಲಿ ಎಲ್ಲವನ್ನೂ ಬರೆದೆ. ಹತ್ತೇ ನಿಮಿಷದಲ್ಲಿ ನಗುವ ಮುಖಗಳ ಸಾಲು. ಉಪವಾಸದ ಕಣ್ಣಿಗೆ ಏನೇನೋ ಕಾಣುತ್ತದೆ ಎಂದು ಒಬ್ಬ ಬರೆದ. ಗುರುಚರಣ ಫೋನನ್ನೇ ಮಾಡಿದ.

"ಮಾಮಿ, ತಪ್ಪು ತಿಳ್ಕೋಬೇಡಿ. ರೂಲ್ ಅಂದ್ರೆ ರೂಲ್. ಸಂಡೇ ಒಳಗೆ ಫೋಟೋ ಹಾಕಿ. ಇಲ್ಲಾಂದ್ರೆ, ತಪ್ಪಾಗಿ ನೋಡಿದೆ ಅಂತ ಒಂದು ಮೆಸೇಜ್ ಹಾಕ್ಬಿಡಿ, ಮುಗೀತು."

"ನೋಡದೇ ಇದ್ದದ್ದನ್ನ ನೋಡಿದೆ ಅಂತ ನಾನು ಯಾವತ್ತೂ ಹೇಳಿಲ್ಲ ಕಣಪ್ಪಾ. ನೋಡಿದ್ದನ್ನ ನೋಡಿಲ್ಲ ಅಂತಾನೂ ಹೇಳಲ್ಲ."

"ಹಾಗಿದ್ರೆ ನಿಮ್ಮನ್ನ ಗ್ರೂಪಿಂದ ತೆಗೀಬೇಕಾಗತ್ತೆ ಮಾಮಿ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಶುರು ಮಾಡ್ತಾರೆ."

ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಶನಿವಾರ ನಂಗನಲ್ಲೂರಿನ ಮಗಳು ಶ್ರೀಪ್ರಿಯಾಳಿಗೆ ಫೋನು ಮಾಡಿ, ನಾಳೆ ನನ್ನನ್ನು ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಕರೆದುಕೊಂಡು ಹೋಗು ಎಂದೆ. ಅಲ್ಲಿ ರೇಸಿನ ನಡುವೆ ಹಳೆಯ ಕಾರುಗಳ ಮೆರವಣಿಗೆ ಇತ್ತು. ಪಿನ್ನು, ಬಿಳಿ ವೃತ್ತ ಹಾಕಿಸಿಕೊಂಡ ಕಾರು ಈ ವಾರ ಬೇರೆಲ್ಲಿಗೆ ಹೋದೀತು?

"ವಿಟ್ಟುಡು ಮಾ, ಒಂದು ಗ್ರೂಪ್ ದಾನೇ?" ಎಂದಳು ಅವಳು ತಮಿಳು ಬೆರೆಸಿ, ಬಿಟ್ಟುಬಿಡು ಎಂಬಂತೆ.

"ಗ್ರೂಪ್ ಹೋದರೆ ಹೋಗಲಿ. ಹೋಗ್ತಾ ಇರೋದು ನನ್ನ ಮಾತು," ಎಂದೆ. ಅವಳು ಬೆಳಿಗ್ಗೆ ಏಳಕ್ಕೇ ಬಂದಳು.

ಟ್ರ್ಯಾಕಿನ ಬೇಲಿಯುದ್ದಕ್ಕೂ ನಮ್ಮ ಗುಂಪಿನವರೇ, ಮೊಳದುದ್ದದ ಲೆನ್ಸು ಹಿಡಿದು. ಹಳೆಯ ಕಾರುಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿದೆ. ಹೆರಾಲ್ಡ್ ಇತ್ತು, ನಾಲ್ಕು ಫಿಯಟ್ ಇದ್ದವು, ಒಂದು ಕಾಂಟೆಸಾ ಇತ್ತು. ಡಾಲ್ಫಿನ್ ಇರಲಿಲ್ಲ.

"ಎಲ್ಲಿ ಮಾಮಿ ನಿಮ್ಮ ಡಾಲ್ಫಿನ್?" ಗುರುಚರಣ ಕೇಳಿದ. ಅವನು ಕುಹಕದಿಂದ ಕೇಳಲಿಲ್ಲ, ಮರುಕದಿಂದ ಕೇಳಿದ. ನನಗೆ ಅದೇ ಹೆಚ್ಚು ಉರಿಯಿತು. ಅವನ ಹಿಂದೆ ಹತ್ತು ಹದಿನೈದು ಜನ ನೆಲ ನೋಡುತ್ತಾ ನಿಂತಿದ್ದರು.

ಆಗ ಗುಡಾರಗಳ ಆಚೆಯಿಂದ ಆ ಸದ್ದು ಬಂತು. ಎರಡು ಸಲ ಕೆಮ್ಮಿ ನಿಂತಿತು, ಮತ್ತೆ ಹಿಡಿದುಕೊಂಡಿತು. ಸೆರಗು ಸಿಕ್ಕಿಸಿಕೊಂಡು ನಡೆದೆ. ಗುಂಪಿಗೆ ಗುಂಪೇ ನನ್ನ ಹಿಂದೆ ಬಂತು.

ಕೊನೆಯ ಗುಡಾರದ ನೆರಳಲ್ಲಿ ತಿಳಿನೀಲಿ ಡಾಲ್ಫಿನ್ ಬಾನೆಟ್ಟು ತೆರೆದು ನಿಂತಿತ್ತು. ಕಾರ್ಬ್ಯುರೇಟರಿಗೆ ಬಗ್ಗಿದ್ದವನು ಐವತ್ತೈದರ ಆಸುಪಾಸಿನ, ಗ್ರೀಸು ಮೆತ್ತಿದ ಕೈಗಳ ಒಬ್ಬ ದಪ್ಪ ಮನುಷ್ಯ.

"ಏನಪ್ಪಾ, ಇದು ನಿಂದೇನಾ?" ಅವಸರದಲ್ಲಿ ಕನ್ನಡದಲ್ಲೇ ಕೇಳಿದೆ.

ಅವನು ತಲೆಯೆತ್ತಿ ನೋಡಿದ. ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ.

"ಅಯ್ಯೋ ಅಮ್ಮ, ನೀವಾ! ಮೊನ್ನೆ ಗುರುವಾರ ಮಾಂಬಲದಲ್ಲಿ ಮಹಡಿ ಮೇಲಿಂದ ಬೈದದ್ದು ನೀವೇ ಅಲ್ವಾ? ಹಾಲಿನ ವ್ಯಾನು ಅಡ್ಡ ಇತ್ತು ಅಮ್ಮ, ಇಲ್ಲದಿದ್ರೆ ನಾನು ಅಲ್ಲಿ ನಿಲ್ಲುತ್ತಲೇ ಇರ್ಲಿಲ್ಲ."

ನನ್ನ ಬೆನ್ನ ಹಿಂದಿದ್ದವರು ಒಂದು ಹೆಜ್ಜೆ ಹತ್ತಿರ ಬಂದರು.

"ಬೈದದ್ದಲ್ಲಪ್ಪಾ! ನಿನ್ನ ಕಾರಿನ ಫೋಟೋ ಬೇಕಿತ್ತು. ನಾನು ಮಡೀಲಿದ್ದೆ, ಫೋನ್ ಮುಟ್ಟೋ ಹಾಗಿರಲಿಲ್ಲ. ನೀನ್ಯಾಕೆ ಹಾಗೆ ಓಡಿ ಹೋದೆ?"

"ಎಂತ ಹೇಳುದು ಮಾರಾಯ್ರೆ! ಸಣ್ಣದಿರುವಾಗ ನಾನು ಉಡುಪಿ ರಥಬೀದಿಯ ಹೋಟೆಲಲ್ಲಿ ಕ್ಲೀನರ್ ಆಗಿದ್ದದ್ದು. ಮಡಿ ಅಂತ ಕೂಗಿದ್ರೆ ದಾರಿ ಬಿಟ್ಟು ಸರಿಯುದೇ ಅಭ್ಯಾಸ. ಈಗ ಎಗ್ಮೋರಲ್ಲಿ ನಂದೇ ಹೋಟೆಲ್ ಉಂಟು, ಆದ್ರೂ ಕಾಲು ಕೇಳುದಿಲ್ಲ, ತನ್ನಷ್ಟಕ್ಕೇ ರಿವರ್ಸ್ ಹಾಕಿತು."

ಎಲ್ಲರೂ ನಕ್ಕರು. ನನಗೆ ಮಾತ್ರ ಒಂದು ಕ್ಷಣ ನಗು ಬರಲಿಲ್ಲ. ಅವತ್ತು ಅವನನ್ನು ಅಟ್ಟಿದ್ದು ನನ್ನ ಕೂಗೇ, ನಮ್ಮವರು ಎಷ್ಟೋ ವರ್ಷದಿಂದ ಅಟ್ಟಿ ಅಟ್ಟಿ ಕಲಿಸಿದ ಅಭ್ಯಾಸಕ್ಕೇ ಅವನು ಹಿಂದೆ ಸರಿದಿದ್ದ. "ತಪ್ಪಾಯ್ತಪ್ಪಾ," ಎಂದೆ, ಮನಸ್ಸಿನಿಂದಲೇ ಎಂದೆ. ಅವನ ಹೆಸರು ಶೀನ. ಶೋಲಾವರಂನ ಹಳೆಯ ರೇಸ್ ಟ್ರ್ಯಾಕಿನಲ್ಲಿ ಇದೇ ಕಾರನ್ನು ಓಡಿಸಿದ, ಅವನ ಹೋಟೆಲಿನ ಗಿರಾಕಿಯೊಬ್ಬರು ತೀರಿಕೊಂಡ ಮೇಲೆ ಅವರ ಷೆಡ್ಡಿನಿಂದ ತಂದು, ಮೂರು ವರ್ಷ ಕೈಯಾರೆ ಕೂಡಿಸಿದ್ದನಂತೆ. ಗುರುವಾರ ಮೊದಲ ಸಲ ರಸ್ತೆಗೆ ಇಳಿಸಿದ್ದು.

"ನಮ್ಮ ಕಾರನ್ನು ಮೊದಲು ಗುರುತು ಹಿಡಿದದ್ದು ನೀವು. ಬನ್ನಿ ಅಮ್ಮ, ಮೆರವಣಿಗೆಯಲ್ಲಿ ಪಕ್ಕದಲ್ಲಿ ಕೂತ್ಕೊಳ್ಳಿ," ಎಂದ ಶೀನ.

ಟ್ರ್ಯಾಕಿನವರು ನನ್ನ ತುರುಬಿನ ಮೇಲೆ ಹೇಗೋ ಹೆಲ್ಮೆಟ್ಟು ಕೂರಿಸಿದರು. ಅರವತ್ತಾರನೇ ವಯಸ್ಸಿನಲ್ಲಿ ನಾನು ರೇಸ್ ಟ್ರ್ಯಾಕಿಗೆ ಇಳಿದೆ. ಮೊದಲ ತಿರುವಿನಲ್ಲಿ ಫಿಯಟ್ಟನ್ನೂ ಎರಡನೆಯದರಲ್ಲಿ ಕಾಂಟೆಸಾವನ್ನೂ ಹಿಂದೆ ಹಾಕಿದೆವು. ಮೆರವಣಿಗೆಯಲ್ಲಿ ಹಾಗೆ ಮಾಡಬಾರದಂತೆ, ಶೀನ ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಬೇಲಿಯ ಬಳಿ ಬಂದಾಗ ಅಷ್ಟೂ ಲೆನ್ಸುಗಳು ನಮ್ಮ ಕಡೆ ತಿರುಗಿದವು. ನಾನು ಕಿಟಕಿಯಿಂದ ಕೈ ಹೊರಹಾಕಿ ಬೀಸಿದೆ. ಶ್ರೀಪ್ರಿಯಾ ಬೇಲಿ ಹತ್ತಿ, "ಅಮ್ಮಾ! ಅಮ್ಮಾ!" ಎಂದು ಕೂಗುತ್ತಿದ್ದಳು.

ಸಂಜೆ ಗುಂಪಿನಲ್ಲಿ ಡಾಲ್ಫಿನ್ನಿನ ಅರವತ್ತು ಫೋಟೋ ಬಂದವು. ಅವೆಲ್ಲ ಟ್ರ್ಯಾಕಿನಲ್ಲಿ ತೆಗೆದವು, ಮಾಂಬಲದ ಲೆಕ್ಕಕ್ಕೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ರೂಲ್ ಅಂದರೆ ರೂಲ್. ಎಂಟು ಗಂಟೆಗೆ ಗುರುಚರಣ ಆ ವರ್ಷ ಗುಂಪಿನವರು ಕಂಡ ಕಾರುಗಳ ಪಟ್ಟಿಗೆ ಹೊಸ ಸಾಲು ಸೇರಿಸಿದ: ಸಿಪಾನಿ ಡಾಲ್ಫಿನ್, ಗುರುವಾರ ಬೆಳಿಗ್ಗೆ ಆರು ಇಪ್ಪತ್ತು, ವೆಸ್ಟ್ ಮಾಂಬಲಂ, ಕಂಡವರು ರಮಾಬಾಯಿ. ಫೋಟೋ ಎಂಬಲ್ಲಿ, 'ಮಾಮಿ ಹೇಳಿದ್ದಾರೆ, ಸಾಕು' ಎಂದು ಬರೆದಿದ್ದ.

ಅದನ್ನು ಯಜಮಾನರಿಗೆ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದೆ.